ನನ್ನ ದನಿಯ ನಲವತ್ತೊಂದು ಥಾಯ್ ಮಾತು

ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎಂದು ಗಾದೆ ಕಟ್ಟಿದವರು ಒಮ್ಮೆ ನಮ್ಮ ಮನೆಗೆ ಬಂದು ನೋಡಬೇಕಿತ್ತು ಎಂದು ನಾನು ಹದಿನೆಂಟು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದವಳು. ಈಗ ಆ ಗಾದೆಗೆ ಕೈ ಮುಗಿಯುತ್ತೇನೆ. ನಾನು ಹಿರಿಸೊಸೆ, ಅವಳು ಕಿರಿಸೊಸೆ. ಅತ್ತೆ ನಮ್ಮನ್ನು ದೊಡ್ಡೋಳು, ಚಿಕ್ಕೋಳು ಎಂದು ಕರೆಯುತ್ತಿದ್ದರು. ಓಣಿಯವರಿಗೂ ಕೆಲಸದ ಕಡೆಯವರಿಗೂ ನಾವು ಅದೇ ಆಗಿಬಿಟ್ಟೆವು. ವಾರಗಿತ್ತಿ ಎಂಬ ಮಾತನ್ನು ನಾನು ಅವಳಿಗೆ ಬಳಸಿದ್ದೇ ಕಡಿಮೆ. ಯಾರಾದರೂ ಕೇಳಿದರೆ "ನನ್ನ ತಂಗಿ" ಎನ್ನುತ್ತಿದ್ದೆ.

ಇಬ್ಬರಿಗೂ ಒಂದೇ ಲಾಂಡ್ರಿಯಲ್ಲಿ ಕೆಲಸ. ಅವಳು ಮುಂದಿನ ಕೌಂಟರಿನಲ್ಲಿ ಬಟ್ಟೆಗೆ ಗುರುತು ಹಾಕುವವಳು, ನಾನು ಹಿಂದಿನ ಹಾಲಿನಲ್ಲಿ ಇಸ್ತ್ರಿ ಮಾಡುವವಳು. ಗುರುತೆಂದರೆ ದೊಡ್ಡ ವಿದ್ಯೆಯೇನಲ್ಲ. ಮನೆಗೊಂದು ನಂಬರು, ಅದನ್ನು ಬರೆದ ಬಿಳಿ ಪಟ್ಟಿಯನ್ನು ಕಾಲರಿನ ಒಳಗೆ ಹೊಲಿಯಬೇಕು. ಮನೆಯೊಳಗೆ ಆಳಿಗೊಂದು ಬಣ್ಣದ ದಾರ. ನಮ್ಮ ಮನೆ ಅರವತ್ತೆರಡು. ನನಗೆ ಕೆಂಪು ದಾರ, ಅವಳಿಗೆ ಹಸಿರು, ಅಣ್ಣತಮ್ಮಂದಿರಿಗೆ ಕಪ್ಪು ಮತ್ತು ನೀಲಿ. ಅವಳ ಒಡಹುಟ್ಟಿದ ತಂಗಿ ಆಗಾಗ ಬಂದು ತಿಂಗಳುಗಟ್ಟಲೆ ಇದ್ದು ಹೋಗುವವಳು, ಆಕೆಗೆ ಹಳದಿ. ಇಷ್ಟು ವರ್ಷದಲ್ಲಿ ಚಿಕ್ಕೋಳು ಒಂದು ದಾರವನ್ನೂ ತಪ್ಪಿದವಳಲ್ಲ. "ಅವಳ ಬಾಯಿ ಏನಾದ್ರೂ ಹೇಳ್ಲಿ, ಕೈ ಮಾತ್ರ ಸತ್ಯ ಹೇಳುತ್ತೆ," ಎನ್ನುತ್ತಿದ್ದರು ಲಾಂಡ್ರಿಯ ಯಜಮಾನರು. ಆಗ ಅದು ನಮಗೆಲ್ಲ ತಮಾಷೆಯಾಗಿತ್ತು.

ಅತ್ತೆ ಆರು ವರ್ಷ ಹಾಸಿಗೆ ಹಿಡಿದಿದ್ದರು. ಆ ಆರು ವರ್ಷ ನಾವಿಬ್ಬರೂ ಒಟ್ಟಿಗೆ ಮನೆ ಬಿಟ್ಟದ್ದಿಲ್ಲ. ಒಬ್ಬಳು ಲಾಂಡ್ರಿಗೆ ಹೋದರೆ ಇನ್ನೊಬ್ಬಳು ಮನೆಯಲ್ಲಿ. ಬೆಳಗಿನ ಪಾಳಿ ಅವಳದು, ಮಧ್ಯಾಹ್ನದ ಪಾಳಿ ನನ್ನದು. ನಡುವೆ ಅರ್ಧ ಗಂಟೆ ಇಬ್ಬರೂ ಸಿಗುತ್ತಿದ್ದೆವು. ಆಗ ಅತ್ತೆಯ ಹಾಸಿಗೆ ಬದಲಿಸುವ ಕೆಲಸ. ಆ ಕಡೆ ಅವಳು, ಈ ಕಡೆ ನಾನು, ದುಪ್ಪಟಿಯ ಎರಡೆರಡು ಮೂಲೆ ಹಿಡಿದು ಅತ್ತೆಯನ್ನು ಎತ್ತಿ ಸರಿಸುತ್ತಿದ್ದೆವು. ಹೀಗೆ ಎತ್ತಿದಾಗಲೇ ಒಂದು ದಿನ ಅವಳು ಮಾತು ತೆಗೆದಳು.

ಇಸ್ತ್ರಿ ಹಾಲಿನ ಗೋಡೆಯಲ್ಲಿ ಒಂದು ಹಳೆಯ ಕ್ಯಾಲೆಂಡರು ನೇತಾಡುತ್ತಿತ್ತು. ವರ್ಷ ಮುಗಿದು ಎಷ್ಟೋ ಕಾಲವಾಗಿದ್ದರೂ ಯಾರೂ ತೆಗೆದಿರಲಿಲ್ಲ. ಥಾಯ್ಲೆಂಡಿನ ಒಂದು ಕಾಲುವೆ, ಅದರಲ್ಲಿ ದೋಣಿ, ದೋಣಿಯಲ್ಲಿ ದೊಡ್ಡ ಹುಲ್ಲಿನ ಟೋಪಿ ಹಾಕಿಕೊಂಡು ಒಲೆ ಮುಂದೆ ಕೂತು ವ್ಯಾಪಾರ ಮಾಡುವ ಹೆಂಗಸು.

"ಅಕ್ಕ, ಅತ್ತೆ ಋಣ ಮುಗಿದ ಮೇಲೆ ಒಂದ್ಸಲ ಆ ಕ್ಯಾಲೆಂಡರಿನ ಊರಿಗೆ ಹೋಗೋಣ," ಎಂದಳು. "ನಾವಿಬ್ರೇ. ಗಂಡಸ್ರು ಬೇಡ. ಆ ದೋಣಿಯವಳ ಹತ್ರ ಏನಾದ್ರೂ ತಗೊಂಡು ತಿನ್ನೋಣ."

"ಅತ್ತೆಗೆ ಕೇಳ್ಸುತ್ತೆ, ಮೆಲ್ಲಗೆ ಮಾತಾಡೆ," ಎಂದೆ.

ಅತ್ತೆಗೆ ಕೇಳಿಸಿಯೇ ಇತ್ತು. "ಹೋಗ್ರೇ, ಯಾರು ಬೇಡ ಅಂದ್ರು. ಮೊದ್ಲು ನನ್ನ ಕೆಳಗಿಳಿಸಿ," ಎಂದರು. ಮೂವರೂ ನಕ್ಕೆವು. ನಕ್ಕು ಕೈ ಸಡಿಲಾಗಿ ಅತ್ತೆಯನ್ನು ಸ್ವಲ್ಪ ಜೋರಾಗಿಯೇ ಇಳಿಸಿದೆವು.

ನನಗೆ ಆ ಮಾತು ಎಷ್ಟು ನಾಟಿತು ಎಂದರೆ ಹೇಳಲು ನಾಚಿಕೆಯಾಗುತ್ತದೆ. ತವರುಮನೆ, ಗಂಡನ ಮನೆ, ಲಾಂಡ್ರಿ, ನನ್ನ ಭೂಗೋಳ ಅಷ್ಟೇ. ಯಾರೂ ನನ್ನನ್ನು ಎಲ್ಲಿಗೂ ಕರೆದಿರಲಿಲ್ಲ. ಜಾಗಕ್ಕಿಂತ ಹೆಚ್ಚಾಗಿ, ಜೊತೆಗೆ ಬಾ ಎಂದು ಒಬ್ಬರು ನನ್ನನ್ನೇ ಆರಿಸಿದ್ದು ನನಗೆ ದೊಡ್ಡದಾಗಿತ್ತು.

ಅತ್ತೆ ಕಳೆದ ವರ್ಷ ತೀರಿಕೊಂಡರು. ಲಾಂಡ್ರಿಗೆ ವರ್ಷಕ್ಕೊಮ್ಮೆ ಒಂದು ವಾರ ರಜೆ, ಬಾಯ್ಲರ್ ಬಿಚ್ಚಿ ತೊಳೆಯುವ ವಾರ. ಈ ವರ್ಷದ ಬಾಯ್ಲರ್ ವಾರಕ್ಕೆ ಹೊರಡುವುದು ಎಂದು ನಾವು ನಿಶ್ಚಯ ಮಾಡಿಕೊಂಡೆವು. ನಾನು ಪಾಸ್‌ಪೋರ್ಟ್ ಮಾಡಿಸಿದೆ. ಫೋಟೋದಲ್ಲಿ ಕಳ್ಳಿಯ ಹಾಗೆ ಬಂದಿದ್ದೇನೆ, ಇರಲಿ. ಟಿಕೆಟ್ಟು, ರೂಮು, ಕಾಗದಪತ್ರ ಎಲ್ಲ ಚಿಕ್ಕೋಳ ಪಾಲು. ಭಾಷೆ ನನ್ನ ಪಾಲು.

"ನಂಗೆ ತಲೇಲಿ ನಿಲ್ಲಲ್ಲ ಅಕ್ಕ, ನೀನು ಕಲಿ. ನೀನಿದ್ರೆ ನಂಗ್ಯಾಕೆ ಭಾಷೆ," ಎಂದಳು. ಪಾಸ್‌ಪೋರ್ಟನ್ನು ಅವಳ ಕೈಗೆ ಕೊಟ್ಟು ನಾನು ಕಲಿಯಲು ಕೂತೆ. ಕೂತೆ ಎನ್ನುವುದು ಮಾತಿಗೆ. ಇಸ್ತ್ರಿ ಮಾಡುವವಳು ಕೂರುವುದೆಲ್ಲಿ ಬಂತು.

ಗುರುಗಳು ತಾವಾಗಿಯೇ ಸಿಕ್ಕಿದರು. ಪ್ರತಿ ಬುಧವಾರ ಆರು ಬಿಳಿ ಅಂಗಿ ತರುವ ಗಿರಾಕಿಯೊಬ್ಬರಿದ್ದರು. ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು, ಥಾಯ್ ಬಂದರೊಂದರಲ್ಲಿ ಹನ್ನೊಂದು ವರ್ಷ ಇದ್ದವರು. ನಾವು ಅವರನ್ನು ಹಡಗಿನವರು ಎನ್ನುತ್ತಿದ್ದೆವು. ಕಾಲರು ಗಟ್ಟಿಯಾಗಿ ನಿಲ್ಲದಿದ್ದರೆ ಅಂಗಿಯನ್ನು ವಾಪಸು ಎಸೆಯುವ ಮನುಷ್ಯ. ನಾನು ವಿಷಯ ಹೇಳಿದ ಕೂಡಲೇ ಮೆತ್ತಗಾದರು.

"ಬುಧವಾರಕ್ಕೆ ಮೂರು ಮಾತು ಕೊಡ್ತೀನಿ," ಎಂದರು. "ಎರಡಂಗಿಗೊಂದು."

ನಾನು ಅದನ್ನು ನನ್ನ ಲೆಕ್ಕಕ್ಕೆ ತಿರುಗಿಸಿಕೊಂಡೆ. ಒಂದು ಅಂಗಿಗೆ ಇಸ್ತ್ರಿಯ ಆರು ಜಾಗ. ಕಾಲರು, ಹೆಗಲು, ಕೈಪಟ್ಟಿ, ತೋಳು, ಬೆನ್ನು, ಎದೆ. ಕಾಲರಿಗೆ "ಸವತ್‌ದೀ ಖಾ", ಅಂದರೆ ನಮಸ್ಕಾರ. ಹೆಗಲಿಗೆ "ಖೋಪ್ ಖುನ್ ಖಾ", ಉಪಕಾರವಾಯಿತು. ಕೈಪಟ್ಟಿಗೆ "ನಾಮ್", ನೀರು. ಎಡತೋಳು ತಿರುಗಿಸುವಾಗ "ಲಿಯೋ ಸಾಯ್", ಎಡಕ್ಕೆ ತಿರುಗಿ. ಬಲತೋಳಿಗೆ "ಲಿಯೋ ಖ್ವಾ". ಬೆನ್ನು ಅಗಲವಾದ ಜಾಗ, ಅಲ್ಲಿ ಉದ್ದದ ಮಾತು: "ಹೋಂಗ್ ನಾಮ್ ಯೂ ಥೀ ನೈ", ಬಚ್ಚಲುಮನೆ ಎಲ್ಲಿದೆ. ದಿನಕ್ಕೆ ಎಂಬತ್ತು ಅಂಗಿ. ಎಂಬತ್ತು ಸಲ ಬಚ್ಚಲುಮನೆ ಕೇಳಿದೆ. ಪಕ್ಕದ ಟೇಬಲ್ಲಿನ ಇಸ್ತ್ರಿಯವಳು "ದೊಡ್ಡೋಳೇ, ಅರ್ಜೆಂಟಾದ್ರೆ ಹೋಗಿ ಬಾ, ಯಾರ್ ಬೇಡ ಅಂದ್ರು" ಎಂದು ರೇಗಿಸುತ್ತಿದ್ದಳು.

ಮೊದಲ ವಾರ ನಾನು ಎಲ್ಲದಕ್ಕೂ "ಖ್ರಪ್" ಸೇರಿಸುತ್ತಿದ್ದೆ. ಹಡಗಿನವರು ಹಾಗೆ ಹೇಳುತ್ತಿದ್ದರಲ್ಲ. ಆಮೇಲೆ ಅವರೇ ತಲೆ ಚಚ್ಚಿಕೊಂಡು, ಅದು ಗಂಡಸರು ಹೇಳುವುದು, ಹೆಂಗಸರು "ಖಾ" ಎನ್ನಬೇಕು ಎಂದು ತಿದ್ದಿದರು. ದನಿ ಏರಿಸಬೇಕಾದಲ್ಲಿ ಇಳಿಸಿದರೆ ಬಿಡುತ್ತಿರಲಿಲ್ಲ. "ಮತ್ತೊಂದ್ಸಲ," ಎನ್ನುತ್ತಿದ್ದರು. ಕಾಲರಿನ ವಿಷಯದಲ್ಲಿ ನಾನು ಅವರ ಮಾತು ಕೇಳದ್ದಕ್ಕೆ ಇದು ಸೇಡು ಎಂದುಕೊಂಡೆ. ಆದರೆ ನನ್ನ ಬಾಯಿ ಬಗ್ಗಿತು. ಐವತ್ತೆರಡನೇ ವಯಸ್ಸಿನಲ್ಲಿ ಹೊಸದೊಂದು ಬಂದರೆ ಮೈಯೆಲ್ಲ ಹಗುರಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಒಂದು ಬುಧವಾರ ನಾನು ಕೇಳಿದೆ, "ವಾರಗಿತ್ತಿಗೆ ಥಾಯಲ್ಲಿ ಏನಂತಾರೆ? ನಾವಿಬ್ರೂ ಯಾರು ಅಂತ ಕೇಳಿದ್ರೆ ಹೇಳ್ಬೇಕಲ್ಲ."

ಅವರು ಯೋಚಿಸಿದರು. "ನಂಗೊತ್ತಿಲ್ಲಮ್ಮ. ಹಡಗಲ್ಲಿ ವಾರಗಿತ್ತೀರು ಇರ್ಲಿಲ್ಲ. ಅವ್ರು ನಿಮ್ಮನ್ನ ತೋರ್ಸಿ 'ಫೀ ಸಾವ್' ಅನ್ಲಿ. ಅಕ್ಕ ಅಂತ. ಸಾಕು."

ನನಗೂ ಅದೇ ಸಾಕಾಗಿತ್ತು.

ಸಂಜೆ ಗಿರಾಕಿಗಳು ಕಡಿಮೆಯಾದಾಗ ನಾನು ಕೌಂಟರಿಗೆ ಹೋಗಿ ಚಿಕ್ಕೋಳಿಗೆ ಪಾಠ ಒಪ್ಪಿಸುತ್ತಿದ್ದೆ. ಅವಳು ತಲೆಗೆ ಟವೆಲು ಸುತ್ತಿಕೊಂಡು ದೋಣಿಯ ಹೆಂಗಸಾಗುತ್ತಿದ್ದಳು. ನಾನು ಕೊಳ್ಳುವವಳು. ಖಾರ ಬೇಡ ಎನ್ನುವುದಕ್ಕೆ "ಮೈ ಫೆತ್" ಎಂದರೆ ಅವಳು "ಸರಿ ಬಾ, ನಿನ್ನ ಬಾಯಿಗಿಂತ ಖಾರ ಯಾವ್ದಿದೆ" ಎನ್ನುತ್ತಿದ್ದಳು. ಅವಳಿಗೆ ಒಂದು ಮಾತೂ ನಿಲ್ಲಲಿಲ್ಲ. ಫೀ ಸಾವ್ ಒಂದು ನಿಂತಿತು. ದಿನಾ ಬೆಳಿಗ್ಗೆ "ಫೀ ಸಾವ್, ಎದ್ದೆಯಾ" ಎಂದು ಮೆಟ್ಟಿಲ ಕೆಳಗಿಂದ ಕೂಗುತ್ತಿದ್ದಳು.

ಆಮೇಲೆ ಒಂದು ದಿನ, "ಅಕ್ಕ, ನೀನು ಹೇಳೋದನ್ನ ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸ್ತಾ ಇರು," ಎಂದಳು. "ಮನೇಲಿ ಪಾತ್ರೆ ತೊಳೀತಾ ಕೇಳ್ತೀನಿ."

ನನಗೆ ಖುಷಿಯೋ ಖುಷಿ. ಕಡೆಗೂ ಕಲಿಯುವ ಮನಸ್ಸು ಮಾಡಿದಳಲ್ಲ ಎಂದು. ಮಾತಿಗೊಂದು ನಂಬರು ಕೊಟ್ಟು, ಮೊದಲು ಕನ್ನಡದಲ್ಲಿ ಅರ್ಥ, ಆಮೇಲೆ ಥಾಯ್ ಎರಡು ಸಲ, ನಿಧಾನವಾಗಿ. ಹೀಗೆ ಒಂದೊಂದಾಗಿ ಕಳಿಸಿದೆ. "ಹನ್ನೊಂದು. ಅಲ್ಲ, ಹಾಗಲ್ಲ. ಮೈ ಚಾಯ್ ಖಾ. ಮೈ ಚಾಯ್ ಖಾ." ಅದನ್ನು ಕಳಿಸಿದ ದಿನ ಅವಳು ಬಿದ್ದು ಬಿದ್ದು ನಕ್ಕಳು.

"ನೀನ್ಯಾಕೆ ಅದನ್ನ ಕಲಿತೆ ಅಕ್ಕ? ಬಾಯಲ್ಲಿ ಬೆಂಕಿ ಉಗುಳ್ತೀಯ, ಆಮೇಲೆ ಎಲ್ಲದಕ್ಕೂ ಹೂಂ ಅಂತೀಯ. ಹುಟ್ಟಿದ ಮೇಲೆ ಯಾರಿಗಾದ್ರೂ ಅಲ್ಲ ಅಂದಿದೀಯಾ?"

"ಈಗ್ಲೇ ಅಂತೀನಿ, ಆ ಸೂಜಿ ಡಬ್ಬಿ ಕೊಡು ಇಲ್ಲಿ," ಎಂದೆ. ಅವಳು ಹೇಳಿದ್ದು ನಿಜವೇ ಆಗಿತ್ತು.

ಬಾಯ್ಲರ್ ವಾರಕ್ಕೆ ಐದು ದಿನ ಇರುವಾಗ ನನ್ನ ಟೇಬಲ್ಲಿಗೆ ಒಂದು ಗಂಟು ಬಂತು. ಆ ದಿನ ಚಿಕ್ಕೋಳು ಬ್ಯಾಂಕಿನ ಕೆಲಸವೆಂದು ಎರಡು ಗಂಟೆ ಹೊರಗೆ ಹೋಗಿದ್ದಳು. ಒಗೆದ ಬಟ್ಟೆ ತುಂಬಿಹೋಗಿದೆ ಎಂದು ಯಜಮಾನರು ಮೂಲೆಯಲ್ಲಿದ್ದ ಗಂಟುಗಳನ್ನೆಲ್ಲ ಹಂಚಿದರು. ಬಿಚ್ಚಿದರೆ ಎರಡು ಹೊಸ ಗೌನು. ಒಂದೇ ಬಟ್ಟೆಯವು, ನೀಲಿ ಮೇಲೆ ಬಿಳಿ ಹೂವು, ಬೇಸಿಗೆಗೆ ಹೇಳಿ ಮಾಡಿಸಿದ ತೆಳು ಹತ್ತಿ. ಪಟ್ಟಿ ನೋಡಿದೆ, ಅರವತ್ತೆರಡು. ಒಂದಕ್ಕೆ ಹಸಿರು ದಾರ, ಇನ್ನೊಂದಕ್ಕೆ ಹಳದಿ.

ಹಳದಿ ನೋಡಿ ನನಗೆ ಏನೂ ಅನ್ನಿಸಲಿಲ್ಲ ನೋಡಿ. ಕೆಂಪು ದಾರ ಮುಗಿದಿರಬೇಕು ಎಂದುಕೊಂಡೆ. ನನಗೆ ತಿಳಿಯದ ಹಾಗೆ ಜೋಡಿ ಗೌನು ಹೊಲಿಸಿದ್ದಾಳೆ, ವಿಮಾನ ಹತ್ತುವ ದಿನ ಕೊಡುತ್ತಾಳೆ, ಅದಕ್ಕೇ ಬೇರೆ ದಾರ ಹಾಕಿ ಮುಚ್ಚಿಟ್ಟಿದ್ದಾಳೆ ಎಂದು ಕಥೆ ಕಟ್ಟಿದೆ. ಎದೆ ಉಬ್ಬಿ ಬಂತು. ಎಂಬತ್ತು ಅಂಗಿಗೆ ಕೊಡದ ಶ್ರದ್ಧೆಯನ್ನು ಆ ಎರಡು ಗೌನಿಗೆ ಕೊಟ್ಟೆ. ಅಂಚಿನ ಒಂದೊಂದು ನೆರಿಗೆಯನ್ನೂ ಬೆರಳಿನಿಂದ ಹಿಡಿದು ಕೂರಿಸಿದೆ. ಆಮೇಲೆ ಆಸೆ ತಡೆಯಲಾರದೆ ಹ್ಯಾಂಗರಿನ ಸಾಲಿನ ಹಿಂದೆ ಹೋಗಿ ಹಳದಿ ದಾರದ ಗೌನಿನ ತೋಳಿಗೆ ಕೈ ತೂರಿಸಿದೆ.

ಮೊಣಕೈ ದಾಟಲಿಲ್ಲ.

ಇಸ್ತ್ರಿಯವಳಿಗೆ ಊರಿನವರ ಮುಖಕ್ಕಿಂತ ಮೈ ಚೆನ್ನಾಗಿ ಗೊತ್ತಿರುತ್ತದೆ. ಯಾರ ಎಡಹೆಗಲು ಇಳಿದಿದೆ, ಯಾರ ಹೊಟ್ಟೆ ಬಂದಿದೆ, ಎಲ್ಲ ಬಟ್ಟೆ ಹೇಳುತ್ತದೆ. ಆ ಸಣ್ಣ ಹೆಗಲು, ಆ ಕಡ್ಡಿಯಂಥ ತೋಳು ಯಾರದು ಎಂದು ನನಗೆ ಕೈ ಸಿಕ್ಕಿಕೊಂಡ ಕ್ಷಣವೇ ತಿಳಿಯಿತು. ಹಳದಿ ಎಂದರೆ ಹಳದಿಯೇ, ಚಿಕ್ಕೋಳ ತಂಗಿಯದೇ. ಚಿಕ್ಕೋಳು ದಾರ ತಪ್ಪುವವಳಲ್ಲ. ನನಗೆ ಇಷ್ಟು ದಿನ ಸುಳ್ಳು ಹೇಳಿದವಳಿಗೆ ಒಂದು ಪಟ್ಟಿಯ ಮೇಲೆ ಸುಳ್ಳು ಹೊಲಿಯಲು ಕೈ ಬಂದಿರಲಿಲ್ಲ.

ಗೌನು ಮಡಿಸಿ ಕೌಂಟರಿಗೆ ಒಯ್ದೆ. ಅವಳು ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದಳು. ನನ್ನ ಕೈಯಲ್ಲಿದ್ದುದನ್ನು ನೋಡಿ ಅವಳ ಮುಖ ಬಿಳಿಚಿತು.

"ಇದನ್ನ ನಾನೇ ಮಾಡ್ಕೋತಿದ್ದೆ," ಎಂದಳು.

"ಮಾಡಿದೀನಿ ತಗೋ. ನೆರಿಗೆ ಸರಿಯಾಗಿ ಬಂದಿದೆಯಾ ನೋಡು," ಎಂದೆ. "ಟಿಕೆಟ್ ಯಾರ ಹೆಸ್ರಲ್ಲಿದೆ?"

ಅವಳು ದಾರದ ಉಂಡೆಗಳನ್ನು ಜೋಡಿಸತೊಡಗಿದಳು.

"ಅಕ್ಕ, ನಿಂಗೆ ಗೊತ್ತಲ್ಲ, ಅವಳ ಪರಿಸ್ಥಿತಿ. ಗಂಡ ಬಿಟ್ಟು ಹೋದ ಮೇಲೆ ಮನೆಯಿಂದ ಆಚೆನೇ ಬಂದಿಲ್ಲ. ಡಾಕ್ಟ್ರು ಕೂಡ ಎಲ್ಲಾದ್ರೂ ಕರ್ಕೊಂಡು ಹೋಗಿ ಅಂದ್ರು. ನಾನೇನ್ ಮಾಡ್ಲಿ? ನೀನಾದ್ರೆ ಅರ್ಥ ಮಾಡ್ಕೋತೀಯ. ಮುಂದಿನ ಬಾಯ್ಲರ್ ವಾರಕ್ಕೆ ನಾವು ಹೋದ್ರಾಯ್ತು."

"ಯಾವಾಗ ಬುಕ್ ಮಾಡಿದ್ದು?"

ಅವಳು ಹಸಿರು ಉಂಡೆಯನ್ನು ಎತ್ತಿ ಬೇರೆ ಕಡೆ ಇಟ್ಟಳು.

"ಯಾವಾಗ ಅಂತ ಕೇಳಿದೆ."

"ಎರಡು ತಿಂಗ್ಳಾಯ್ತು."

ಎರಡು ತಿಂಗಳ ಹಿಂದೆ ನಾನು ಹನ್ನೊಂದನೇ ಮಾತಿನಲ್ಲಿದ್ದೆ, ಆ 'ಅಲ್ಲ' ಎನ್ನುವ ಮಾತಿನಲ್ಲಿ. ಅಂದರೆ ಹನ್ನೆರಡರಿಂದ ನಲವತ್ತರವರೆಗೆ ನಾನು ಕಲಿತದ್ದೆಲ್ಲ ಅವಳ ತಂಗಿಗಾಗಿ. ಟವೆಲು ಸುತ್ತಿಕೊಂಡು ದೋಣಿಯವಳಾಗಿ ನಕ್ಕಾಗಲೂ ಅವಳಿಗೆ ಗೊತ್ತಿತ್ತು. ಪಾತ್ರೆ ತೊಳೆಯುತ್ತಾ ಕೇಳುತ್ತೇನೆ ಎಂದಾಗಲೂ ಗೊತ್ತಿತ್ತು. ನನ್ನ ಕಿವಿಗೆ ಹೂವಿಟ್ಟದ್ದಲ್ಲ, ಹೂವಿನ ತೋಟವನ್ನೇ ಹಾಕಿದ್ದಳು.

"ತಂಗಿ ಜೊತೆ ಹೋಗ್ತೀನಿ ಅಂತ ಅವತ್ತೇ ಹೇಳಿದ್ರೆ ನಾನು ಬೇಡ ಅಂತಿದ್ನಾ?"

"ಇಲ್ಲ," ಎಂದಳು. "ಅದಕ್ಕೇ ಹೇಳೋಕೆ ಆಗ್ಲಿಲ್ಲ. ನೀನು ಹೂಂ ಅಂತಿದ್ದೆ. ಆಮೇಲೆ ಭಾಷೆ ಕಲೀತಿರ್ಲಿಲ್ಲ."

ಹಾಗೆಂದದ್ದು ಅವಳಿಗೇ ಕೇಳಿಸಿರಬೇಕು. ಬಾಯಿ ಮುಚ್ಚಿಕೊಂಡು, ಕೈಚೀಲದಿಂದ ನನ್ನ ಪಾಸ್‌ಪೋರ್ಟ್ ತೆಗೆದು ಕೌಂಟರಿನ ಮೇಲೆ ಇಟ್ಟಳು. ನಾನು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು, ಹಾಕಿದ ರಬ್ಬರ್ ಬ್ಯಾಂಡು ಕೂಡ ಹಾಗೇ ಇತ್ತು.

ಮನೆಗೆ ಹೋದರೆ ನನ್ನವರು ಊಟಕ್ಕೆ ಕೂತಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಅವರ ಹುಟ್ಟುಗುಣ.

"ನಿಮ್ಗೂ ಗೊತ್ತಿತ್ತಾ?" ಎಂದೆ.

"ತಮ್ಮ ಒಂದು ದಿನ ಏನೋ ಹೇಳ್ತಿದ್ದ. ಪೂರ್ತಿ ಗೊತ್ತಿಲ್ಲ."

"ಎಷ್ಟು ಗೊತ್ತಿತ್ತು?"

"ಟಿಕೆಟ್ ಮಾಡ್ಸೋಕೆ ಜೊತೇಲಿ ಹೋಗಿದ್ದೆ," ಎಂದು ತಟ್ಟೆ ನೋಡಿಕೊಂಡೇ ಹೇಳಿದರು. "ನೀನು ಅಷ್ಟು ಖುಷಿಯಾಗಿ ಕಲೀತಿದ್ದೆ. ಸುಮ್ನೆ ಯಾಕೆ ಕೆಡಿಸೋದು ಅಂತ."

ಕೆಳಗೆ ಮೈದುನನಿಗೆ ಗೊತ್ತು, ಮೇಲೆ ಗಂಡನಿಗೆ ಗೊತ್ತು. ಅಡುಗೆಮನೆಯಲ್ಲಿ ನಾನು ಒಗ್ಗರಣೆ ಹಾಕುತ್ತಾ ಥಾಯ್ ಹೇಳಿಕೊಳ್ಳುವುದನ್ನು ಇಬ್ಬರೂ ಕೇಳಿಕೊಂಡು ಕೂತಿದ್ದರು. ನನ್ನ ಸಿಟ್ಟು ಊರಿಗೆಲ್ಲ ಗೊತ್ತು, ತಟ್ಟೆ ಲೋಟ ಹಾರಾಡಬೇಕಿತ್ತು. ಆದರೆ ಆ ದಿನ ನನಗೆ ಸಿಟ್ಟು ಬರಲಿಲ್ಲ, ಅವಮಾನವಾಯಿತು. ಮನೆಯಲ್ಲಿ ನಾನೊಬ್ಬಳೇ ಪೆದ್ದಿ ಎಂದು ಗೊತ್ತಾದಾಗ ಎಲ್ಲಿ ನೋಡಬೇಕೆಂದೇ ತಿಳಿಯುವುದಿಲ್ಲ. ಅವರಿಗೆ ಮಜ್ಜಿಗೆ ಬಡಿಸಿ ಎದ್ದು ಹೋದೆ.

ಮಾರನೆಯ ದಿನ ಮಧ್ಯಾಹ್ನ ಚಿಕ್ಕೋಳ ತಂಗಿ ಬಂದಿಳಿದಳು. ನೇರ ಮೇಲೆ ಬಂದು ನನ್ನ ಬಾಗಿಲಲ್ಲಿ ನಿಂತಳು. ಮೊದಲೇ ತೆಳ್ಳಗಿದ್ದವಳು ಇನ್ನೂ ಇಳಿದಿದ್ದಳು.

"ನಿಮ್ಗೆ ಹೇಳಿದೀನಿ, ನೀವು ಒಪ್ಪಿದೀರಿ ಅಂದಿದ್ಲು ಅಕ್ಕ," ಎಂದಳು. "ಇವತ್ತು ಗೊತ್ತಾಯ್ತು. ನಾನು ಹೋಗಲ್ಲ, ನೀವೇ ಹೋಗಿ."

ಟಿಕೆಟ್ಟಿನಲ್ಲಿ ಹೆಸರು ಬದಲಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅಷ್ಟು ಹೇಳಿದಳು. ಆ ಇಡೀ ಮನೆಯಲ್ಲಿ ಅಷ್ಟು ಹೇಳಿದವಳು ಅವಳೊಬ್ಬಳೇ. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. "ಹೋಗಿ ಬಾ," ಎಂದೆ.

ಸಂಜೆ ಫೋನಿಗೆ ಚಿಕ್ಕೋಳ ದನಿ ಬಂತು. ಎದುರಿಗೆ ಬರಲು ಮುಖವಿಲ್ಲ, ಕೆಳಗಿನ ಮನೆಯಿಂದ ಮೇಲಿನ ಮನೆಗೆ ರೆಕಾರ್ಡ್ ಮಾಡಿ ಕಳಿಸಿದ್ದಳು. "ಅಕ್ಕ, ಕೋಪ ಇದ್ರೆ ಬಂದ್ಮೇಲೆ ಎಷ್ಟು ಬೇಕಾದ್ರೂ ಬೈ. ಒಂದೇ ಒಂದು ಮಾತು ಬಾಕಿ ಇದೆ. ಇವಳಿಗೆ ಕಡಲೆಕಾಯಿ ಆಗಲ್ಲ, ನಿಂಗೊತ್ತಲ್ಲ. ಹೋದ ಸಲ ಗಂಟಲು ಊದ್ಕೊಂಡು ಆಸ್ಪತ್ರೆಗೆ ಸೇರ್ಸಿದ್ವಿ. ಅಲ್ಲಿ ಎಲ್ಲದಕ್ಕೂ ಕಡಲೆಕಾಯಿ ಹಾಕ್ತಾರಂತೆ. ಅದೊಂದನ್ನ ಕೇಳಿ ಕಳ್ಸು."

ನಾನು ಅದನ್ನು ಮೂರು ಸಲ ಕೇಳಿದೆ. ಮೂರನೇ ಸಲ ಕೇಳುವಾಗ, ಕಳಿಸದಿದ್ದರೆ ಏನಾಗುತ್ತದೆ ಎಂದು ಯೋಚಿಸಿದೆ. ಯೋಚಿಸಿದ್ದು ನಿಜ, ಮುಚ್ಚಿಡುವುದಿಲ್ಲ. ಸುಳ್ಳು ಹೇಳಿದವಳು ಅಕ್ಕ, ಗಂಟಲು ಊದಿಕೊಳ್ಳುವುದು ತಂಗಿಗೆ. ಅಷ್ಟು ಲೆಕ್ಕ ನನಗೂ ಬರುತ್ತದೆ.

ಬುಧವಾರ ಹಡಗಿನವರು ಬಂದರು. ಕಾಲರುಗಳನ್ನು ಒತ್ತಿ ನೋಡಿ, "ಶನಿವಾರ ಅಲ್ವಾ ಹೊರಡೋದು? ಎಲ್ಲಿ, ಒಂದ್ಸಲ ಪೂರ್ತಿ ಒಪ್ಸಿ," ಎಂದರು.

"ನಾನು ಹೋಗ್ತಿಲ್ಲ. ಬೇರೆಯವ್ರು ಹೋಗ್ತಿದ್ದಾರೆ," ಎಂದೆ. "ಕಡಲೆಕಾಯಿ ಹಾಕ್ಬೇಡಿ ಅನ್ನೋದು ಹೇಗೆ ಹೇಳೋದು, ಅದೊಂದು ಹೇಳ್ಕೊಡಿ."

ಅವರು ನನ್ನನ್ನು ನೋಡಿದರು, ಮುಂದಿನ ಕೌಂಟರಿನ ಕಡೆ ನೋಡಿದರು. ಹಡಗಿನ ಅಡುಗೆಮನೆಯಲ್ಲಿ ಇಪ್ಪತ್ತು ಜನರನ್ನು ಆಳಿದವರು, ಹೇಳಬೇಕಾಗಿರಲಿಲ್ಲ.

"ಯಾರಿಗೆ?" ಎಂದಷ್ಟೇ ಕೇಳಿದರು.

"ನಂಗಲ್ಲ. ತಿಂದ್ರೆ ಗಂಟಲು ಕಟ್ಟೋರು ಒಬ್ರಿದ್ದಾರೆ."

"ಹಾಗಿದ್ರೆ ದನಿ ಸರಿಯಾಗಿ ಬರ್ಬೇಕು. 'ಮೈ ಸಾಯ್ ಥುವಾ ಖಾ.' ಹೇಳಿ." ಹದಿನೈದು ಸಲ ಹೇಳಿಸಿದರು. ಹೊರಡುವಾಗ ಆರೂ ಅಂಗಿ ಎತ್ತಿಕೊಂಡು, "ಈ ವರ್ಷ ಕಾಲರು ಬಹಳ ಚೆನ್ನಾಗಿ ಬಂತು," ಎಂದರು. ಹನ್ನೆರಡು ವರ್ಷದಲ್ಲಿ ಅವರು ಹಾಗೆ ಹೇಳಿದ್ದು ಅದೇ ಮೊದಲು.

ಹ್ಯಾಂಗರುಗಳ ಹಿಂದೆ ನಿಂತು ರೆಕಾರ್ಡ್ ಮಾಡಿದೆ. "ನಲವತ್ತೊಂದು. ಕಡಲೆಕಾಯಿ ಹಾಕಬೇಡಿ. ಮೈ ಸಾಯ್ ಥುವಾ ಖಾ. ಮೈ ಸಾಯ್ ಥುವಾ ಖಾ." ದನಿ ನಡುಗಬಾರದೆಂದು ಎರಡು ಸಲ ಅಳಿಸಿ ಮೂರನೇ ಸಲ ಮಾಡಿದ್ದನ್ನು ಕಳಿಸಿದೆ. ತಕ್ಷಣ ಕೈ ಮುಗಿದ ಒಂದು ಚಿತ್ರ ಬಂತು. ಶನಿವಾರ ಬೆಳಿಗ್ಗೆ ಆಟೋ ಬಂದು ನಿಂತಾಗ ನಾನು ಕಿಟಕಿಗೆ ಹೋಗಲಿಲ್ಲ. ಕೆಳಗಿಂದ ಫೀ ಸಾವ್ ಎಂದು ಯಾರೂ ಕೂಗಲಿಲ್ಲ.

ಬಾಯ್ಲರ್ ವಾರದಲ್ಲಿ ಲಾಂಡ್ರಿಯವಳು ಮನೆಯ ಬಟ್ಟೆ ಒಗೆಯುತ್ತಾಳೆ, ಇನ್ನೇನು ಮಾಡುತ್ತಾಳೆ. ಮಂಗಳವಾರ ನಾನು ಮಹಡಿಯ ಮೇಲೆ ಒಣಗಿದ ದುಪ್ಪಟಿಗಳನ್ನು ತೆಗೆಯುತ್ತಿದ್ದೆ. ಜೋಡಿ ಮಂಚದ ದುಪ್ಪಟಿಯನ್ನು ಮಡಿಸಲು ಇಬ್ಬರು ಬೇಕು. ಎದುರೆದುರು ನಿಂತು, ಮೂಲೆ ಹಿಡಿದು, ನಡೆದು ಹತ್ತಿರ ಬಂದು, ಮೂಲೆಗೆ ಮೂಲೆ ಕೊಡಬೇಕು. ಹದಿನೆಂಟು ವರ್ಷ ಹಾಗೇ ಮಡಿಸಿದ್ದು. ಈಗ ಒಂದು ತುದಿಯನ್ನು ಗದ್ದದ ಕೆಳಗೆ ಸಿಕ್ಕಿಸಿಕೊಂಡು, ಇನ್ನೊಂದನ್ನು ಕೈ ಚಾಚಿ ಹಿಡಿದು ಒದ್ದಾಡುತ್ತಿದ್ದೆ. ಆಗ ಫೋನು ಹೊಡೆದುಕೊಂಡಿತು. ವಿಡಿಯೋ ಕಾಲ್, ಅವಳ ತಂಗಿಯ ನಂಬರಿನಿಂದ.

ಏನಾದರೂ ಹೆಚ್ಚುಕಡಿಮೆಯಾಯಿತೇನೋ ಎಂದು ತಟ್ಟನೆ ಎತ್ತಿದೆ.

ಚಿಕ್ಕೋಳ ಮುಖ ತುಂಬಿ ನಿಂತಿತ್ತು. ನೀಲಿ ಗೌನು, ನಾನು ಕೂರಿಸಿದ ನೆರಿಗೆ. ಹಿಂದೆ ಹಸಿರು ನೀರು, ಸಾಲು ದೋಣಿ. ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ನಗುತ್ತಿದ್ದಳು.

"ಅಕ್ಕ, ನೋಡು ನೋಡು, ನಮ್ಮ ಕ್ಯಾಲೆಂಡರಿನವಳು ಸಿಕ್ಕಿದ್ಲು. ನಿಂಗೆ ತೋರಿಸ್ಲೇಬೇಕು ಅನ್ನಿಸ್ತು."

ಫೋನು ತಿರುಗಿತು. ದೋಣಿ, ಒಲೆ, ಹುಲ್ಲಿನ ಟೋಪಿ, ಟೋಪಿಯ ಕೆಳಗೆ ನನ್ನ ವಯಸ್ಸಿನ ಒಬ್ಬ ಹೆಂಗಸು. ಕೈಯಲ್ಲಿ ಸೌಟು. ಚಿಕ್ಕೋಳು ಇನ್ನೊಂದು ಕೈಯಲ್ಲಿ ತನ್ನ ಫೋನನ್ನು ಅವಳ ಮುಂದೆ ಹಿಡಿದು ಬೆರಳು ಒತ್ತಿದಳು.

"ಒಂದು. ನಮಸ್ಕಾರ. ಸವತ್‌ದೀ ಖಾ. ಸವತ್‌ದೀ ಖಾ," ಎಂದಿತು ನನ್ನ ದನಿ.

ಅವಳು ಪಾತ್ರೆ ತೊಳೆಯುತ್ತಾ ಕೇಳಿಯೇ ಇರಲಿಲ್ಲ. ಒಂದು ಮಾತೂ ಕಲಿತಿರಲಿಲ್ಲ. ಹೋದಲ್ಲೆಲ್ಲ ನನ್ನನ್ನು ಒತ್ತಿ ಒತ್ತಿ ಮಾತಾಡಿಸುತ್ತಿದ್ದಳು. ವಿಮಾನ ನಿಲ್ದಾಣದಲ್ಲಿ, ಹೋಟೆಲಿನಲ್ಲಿ, ಬೀದಿಯಲ್ಲಿ ನಾಲ್ಕು ದಿನದಿಂದ ನನ್ನ ದನಿ ಎಲ್ಲರಿಗೂ ನಮಸ್ಕಾರ ಹೇಳಿ, ನೀರು ಕೇಳಿ, ದಾರಿ ಕೇಳಿ ತಿರುಗುತ್ತಿತ್ತು. ನಾನು ಇಲ್ಲಿ ಗದ್ದದಲ್ಲಿ ದುಪ್ಪಟಿ ಸಿಕ್ಕಿಸಿಕೊಂಡು ನಿಂತಿದ್ದೆ.

"ಈಗ ನೋಡು," ಎಂದು ಮತ್ತೆ ಒತ್ತಿದಳು. "ನಲವತ್ತೊಂದು. ಕಡಲೆಕಾಯಿ ಹಾಕಬೇಡಿ. ಮೈ ಸಾಯ್ ಥುವಾ ಖಾ."

ದೋಣಿಯವಳು ತಲೆಯಾಡಿಸಿ, ಪುಡಿ ಮಾಡಿದ ಕಡಲೆಕಾಯಿಯ ಬಟ್ಟಲನ್ನು ಆಚೆ ಸರಿಸಿದಳು. ಆಮೇಲೆ ಆ ಫೋನಿನ ಕಡೆ ಬೆರಳು ಮಾಡಿ, ಚಿಕ್ಕೋಳ ಮುಚ್ಚಿದ ಬಾಯಿಯನ್ನು ನೋಡಿ, ನಗುತ್ತಾ ಏನೋ ಕೇಳಿದಳು. ಉದ್ದದ ಮಾತು, ನನಗೆ ಪೂರ್ತಿ ಹತ್ತಲಿಲ್ಲ. ಆದರೆ ಅದರೊಳಗಿನ "ಖ್ರೈ" ಹತ್ತಿತು. ಇಪ್ಪತ್ತಮೂರನೇ ಮಾತು. ಖ್ರೈ ಎಂದರೆ ಯಾರು.

"ಏನಂತೆ ಅಕ್ಕ?" ಎಂದಳು ಚಿಕ್ಕೋಳು.

"ಆ ದನಿ ಯಾರದು ಅಂತ ಕೇಳ್ತಿದ್ದಾರೆ."

"ಅಯ್ಯೋ, ಅದು ನಂಗೇ ಬರುತ್ತೆ," ಎಂದು ಖುಷಿಯಿಂದ ವಿಡಿಯೋದ ಫೋನನ್ನು ದೋಣಿಯವಳ ಮುಖದ ಹತ್ತಿರ ಒಯ್ದಳು. ನನ್ನನ್ನು ತೋರಿಸಿ, ಜೋರಾಗಿ, ತಾನು ಕಲಿತ ಒಂದೇ ಒಂದು ಮಾತನ್ನು ಹೇಳಿದಳು. "ಫೀ ಸಾವ್. ಫೀ ಸಾವ್."

ದೋಣಿಯವಳು ಬಗ್ಗಿ ನನ್ನನ್ನು ನೋಡಿದಳು. ಬೆವರಿದ ಮುಖ, ಒಳ್ಳೆಯ ಕಣ್ಣು. ಆರು ವರ್ಷ ಗೋಡೆಯ ಮೇಲೆ ನಾನು ನೋಡಿದ್ದ ಹೆಂಗಸು ಈಗ ನನ್ನನ್ನೇ ನೋಡುತ್ತಿದ್ದಳು. "ಫೀ ಸಾವ್?" ಎಂದು ನನ್ನನ್ನು ಕೇಳಿದಳು, ಹೌದಾ ಎನ್ನುವ ಹಾಗೆ.

ಮೂರು ತಿಂಗಳು, ದಿನಕ್ಕೆ ಎಂಬತ್ತು ಅಂಗಿ. ಥಾಯ್ ಮನುಷ್ಯರೊಬ್ಬರ ಜೊತೆ ನನ್ನ ಸ್ವಂತ ಬಾಯಿಂದ ಆಡುವ ಮೊದಲ ಮಾತು ಯಾವುದಿರಬಹುದು ಎಂದು ಎಷ್ಟು ಸಲ ಯೋಚಿಸಿದ್ದೆನೋ. ಗದ್ದದಿಂದ ದುಪ್ಪಟಿಯನ್ನು ಬಿಟ್ಟೆ. ದನಿಯನ್ನು ಹಡಗಿನವರು ಹೇಳಿಕೊಟ್ಟ ಹಾಗೆ, ಎಲ್ಲಿ ಇಳಿಸಬೇಕೋ ಅಲ್ಲಿ ಇಳಿಸಿ ಹೇಳಿದೆ.

"ಮೈ ಚಾಯ್ ಖಾ."

ದೋಣಿಯವಳ ನಗು ನಿಂತಿತು. ನನ್ನ ಮುಖ ನೋಡಿದಳು, ಚಿಕ್ಕೋಳ ಮುಖ ನೋಡಿದಳು, "ಓ" ಎಂದು ಮೆಲ್ಲಗೆ ಅಂದು ಸೌಟಿನ ಕಡೆ ತಿರುಗಿದಳು. ಅವಳಿಗೆ ಪೂರ್ತಿ ಅರ್ಥವಾಗಿತ್ತು.

ಚಿಕ್ಕೋಳು ಫೋನು ತನ್ನ ಕಡೆ ತಿರುಗಿಸಿಕೊಂಡಳು. ಇನ್ನೂ ನಗುತ್ತಲೇ ಇದ್ದಳು. "ಏನಂದೆ ಅಕ್ಕ? ಯಾಕೆ ಸುಮ್ನಾದ್ಲು ಅವಳು? ಏನ್ ಹೇಳ್ದೆ?"

"ನಿನ್ನ ಫೋನಲ್ಲೇ ಇದೆ," ಎಂದೆ. "ಹನ್ನೊಂದನೇದು. ಒತ್ತಿ ಕೇಳ್ಕೋ."